ಕಟ್ಟೆ ಹಿಡಿದ ಏಲಕ್ಕಿಯ ಎಲೆಯೊಳಗೆ ನಡೆಯುವುದೇನು

(ಶಿರಸಿಯಲ್ಲಿ ತೋಟಿಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಅವುಗಳ ಉತ್ತರವನ್ನೂ ಸೇರಿಸಿದೆ.)

ಏಲಕ್ಕಿಯ ತುದಿಯ ಎಳೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎರಡರಿಂದ ಐದು ಮಿಲಿಮೀಟರ್ ಉದ್ದದ, ಎರಡೂ ತುದಿ ಚೂಪಾದ ಮಾಸಲು ಗೀರುಗಳು ಕಂಡರೆ ಕಟ್ಟೆ ರೋಗ ಶುರುವಾಗಿದೆ. ಮುಂದೆ ಬರುವ ಎಲೆಗಳಲ್ಲಿ ಈ ಗೀರುಗಳು ಕೂಡಿಕೊಂಡು, ನಡುದಿಂಡಿನಿಂದ ಅಂಚಿನವರೆಗೆ ನರಗಳ ಗುಂಟ ತುಂಡು ತುಂಡಾದ ತಿಳಿಹಸಿರು ಪಟ್ಟೆಗಳಾಗುತ್ತವೆ. ಆಮೇಲೆ ಎಳೆಯ ಕಂದುಗಳ ಮೇಲೂ ಅದೇ ಮಚ್ಚೆ. ನೆಟ್ಟ ಮೊದಲ ವರ್ಷದಲ್ಲೇ ಹಿಡಿದರೆ ಆ ಬುಡದಿಂದ ಫಸಲಿನ ಆಸೆ ಬಿಡಬೇಕು.

ಕಟ್ಟೆ ವೈರಸ್ಸಿನ ರೋಗ ಎಂದು ಉಪ್ಪಲ್, ವರ್ಮಾ, ಕಪೂರ್ ಎಂಬ ಮೂವರು ವಿಜ್ಞಾನಿಗಳು 1945ರಲ್ಲಿ ಪ್ರಕಟಿಸಿದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಂದಿನಿಂದ ಇಂದಿನವರೆಗೂ ತೋಟಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಏನು ಹೊಡೆಯಬೇಕು?

ರೋಗ ಹಿಡಿದ ಗಿಡಕ್ಕೆ ಹೊಡೆಯುವಂಥದ್ದು ಏನೂ ಇಲ್ಲ. ಈ ಉತ್ತರ ಕೇಳಿ ಬೇಸರವಾಗುವುದು ಸಹಜ. ಆದರೆ ಯಾಕೆ ಇಲ್ಲ ಎಂಬುದನ್ನು ಎಲೆಯೊಳಗೆ ಇಳಿದು ನೋಡಿದರೆ, ಮಾಡಬಹುದಾದ ಕೆಲಸ ಯಾವುದು, ಅದನ್ನು ಯಾವಾಗ ಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಗಿಡ ಸುಮ್ಮನೆ ಕೂತಿರುವುದಿಲ್ಲ. ಅದು ವೈರಸ್ಸಿನ ಜೊತೆ ಓಟಕ್ಕೆ ಬಿದ್ದಿರುತ್ತದೆ. ಆ ಓಟದಲ್ಲಿ ಗಿಡಕ್ಕೆ ಒಂದಿಷ್ಟು ಸಮಯ ಗಳಿಸಿಕೊಡುವುದೇ ನಮ್ಮ ಕೈಲಾಗುವ ಕೆಲಸ.

ಕೊಳೆ ರೋಗದ ಜೊತೆ ಹೋಲಿಸಿ. ಕೊಳೆಯ ಜೀವಿ ಮಳೆನೀರಿನಲ್ಲಿ ಈಜಿ ಬಂದು, ಅಡಿಕೆಯ ಮೇಲೆ ಕೂತು, ಅಲ್ಲಿ ಮೊಳೆತು ಒಳಗೆ ಇಳಿಯುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೊ ದ್ರಾವಣ ಅಡಿಕೆಯ ಮೇಲೆ ಪದರವಾಗಿ ನಿಂತು ಅದನ್ನು ಹೊರಗೇ ಕೊಲ್ಲುತ್ತದೆ. ವೈರಸ್ಸಿಗೆ ಹೊರಗಿನ ಬದುಕೇ ಇಲ್ಲ. ಗಿಡದ ರಸ ಹೀರುವ ಹೇನಿನ ಸೂಜಿಮೂತಿ ಅದನ್ನು ನೇರವಾಗಿ ಜೀವಕೋಶದೊಳಗೆ ಇಳಿಸುತ್ತದೆ. ಅಲ್ಲಿಂದ ಮುಂದೆ ಗಿಡದ ಸಾಮಾನಿನಲ್ಲೇ ಗಿಡದ ಮನೆಯಲ್ಲೇ ಅದರ ಸಂಸಾರ. ಅದನ್ನು ಕೊಲ್ಲುವಷ್ಟು ಕಟುವಾದ ಔಷಧ ಗಿಡವನ್ನೂ ಉಳಿಸುವುದಿಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗಬೇಕು. ತೋಟದಲ್ಲಿ ಹಳದಿಯಾದದ್ದೆಲ್ಲ ವೈರಸ್ಸಲ್ಲ. ಅಡಿಕೆಯ ಎಲೆಚುಕ್ಕೆ ಶಿಲೀಂಧ್ರದ ರೋಗ. ಅಡಿಕೆಯ ಹಳದಿ ಎಲೆ ರೋಗದ ನಂಟು ಫೈಟೊಪ್ಲಾಸ್ಮಾ ಎಂಬ, ಗೋಡೆಯಿಲ್ಲದ ಬ್ಯಾಕ್ಟೀರಿಯಾದ ಜೊತೆ. ಇವತ್ತಿನ ಮಾತು ಅವುಗಳಿಗೆ ಅನ್ವಯಿಸುವುದಿಲ್ಲ.

ವೈರಸ್ ಎಂದರೆ ಎಷ್ಟು? ಎಲ್ಲರಿಗಿಂತ ಮೊದಲು ಅಧ್ಯಯನಕ್ಕೆ ಒಳಗಾದ ತಂಬಾಕಿನ ಮೊಸಾಯಿಕ್ ವೈರಸ್ಸನ್ನೇ ತೆಗೆದುಕೊಳ್ಳಿ. ಅದು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಕಡ್ಡಿ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್). ಒಳಗೆ ಆರ್‌ಎನ್‌ಎಯ ಒಂದೇ ಎಳೆ. ವೈರಸ್ ತನ್ನನ್ನು ಮಾಡಿಕೊಳ್ಳುವ ಸೂಚನೆಯೆಲ್ಲ ಆ ಎಳೆಯಲ್ಲಿ ಬರಹದಂತೆ ಇದೆ, ಅದರಲ್ಲಿ 6,395 ಅಕ್ಷರ. ಆ ಎಳೆಯ ಸುತ್ತ ಒಂದೇ ಬಗೆಯ ಪ್ರೊಟೀನಿನ 2,130 ತುಣುಕುಗಳ ಹೊದಿಕೆ. ಅಷ್ಟೇ. ಏಲಕ್ಕಿಯ ಕಟ್ಟೆ ವೈರಸ್ಸೂ ಆರ್‌ಎನ್‌ಎಯದ್ದೇ, ಎಂಟು ಸಾವಿರ ಚಿಲ್ಲರೆ ಅಕ್ಷರದ್ದು. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹೋಗಲು ಗಿಡದಲ್ಲಿ ಹುಟ್ಟಾ ಇರುವ ಸಣ್ಣ ಕಂಡಿಗಳಿವೆ. ಅವು ವೈರಸ್ಸಿಗೆ ಸಾಲುವಷ್ಟು ಅಗಲವಿಲ್ಲ. ಕಂಡಿಯನ್ನು ಅಗಲಿಸಲೆಂದೇ ವೈರಸ್ ಒಂದು ಚಲನೆಯ ಪ್ರೊಟೀನನ್ನು ಮಾಡಿಕೊಳ್ಳುತ್ತದೆ. ಹಾಗೆ ಕೋಶದಿಂದ ಕೋಶಕ್ಕೆ ದಾಟಿ ಆಹಾರ ಸಾಗಿಸುವ ನಾಳ ಸೇರಿತೆಂದರೆ ಗಿಡದ ತುದಿಗೂ ಬೇರಿಗೂ ದಾರಿ ತೆರೆಯಿತು.

ಈಗ ಗಿಡದ ಕಡೆಗೆ ಬರೋಣ. ನಮ್ಮ ರಕ್ತದಲ್ಲಿರುವಂಥ ಪ್ರತಿಕಾಯಗಳು ಗಿಡದಲ್ಲಿಲ್ಲ. ಹಾಗಾದರೆ ಗಿಡ ಒಮ್ಮೆ ಬಂದ ರೋಗವನ್ನು ನೆನಪಿಡಲಾರದು ಎಂದು ಬಹುಕಾಲ ನಂಬಿದ್ದರು. 1928ರಲ್ಲಿ ಅಮೆರಿಕದ ವಿಂಗಾರ್ಡ್ ಎಂಬವರು ಬೇರೆಯದನ್ನೇ ಕಂಡರು. ತಂಬಾಕಿನ ಕೆಳಗಿನ ಎಲೆಗಳಿಗೆ ಉಂಗುರ ಚುಕ್ಕೆ ವೈರಸ್ ಹಚ್ಚಿದಾಗ ಅವು ಬೆಂದುಹೋದ ಹಾಗಾದವು. ಆದರೆ ಆಮೇಲೆ ಬಂದ ಮೇಲಿನ ಎಲೆಗಳು ಚೊಕ್ಕವಾಗಿದ್ದವು. ಆ ಎಲೆಗಳಿಗೆ ಅದೇ ವೈರಸ್ಸನ್ನು ಮತ್ತೆ ಉಜ್ಜಿದರೂ ರೋಗ ಬರಲಿಲ್ಲ. ಇದು ಹೇಗೆಂದು ವಿವರಿಸಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

ವಿವರಣೆ ಸರಳವೂ ಹೌದು, ಅಷ್ಟೇ ಸೊಗಸೂ ಹೌದು. ಆರೋಗ್ಯವಂತ ಕೋಶದ ಆರ್‌ಎನ್‌ಎ ಹೆಚ್ಚಾಗಿ ಒಂಟಿ ಎಳೆಯದು. ವೈರಸ್ ತನ್ನ ಆರ್‌ಎನ್‌ಎಯನ್ನು ನಕಲು ಮಾಡುವಾಗ ಮೂಲ ಎಳೆಗೆ ಎದುರು ಎಳೆ ಸೇರಿ ಉದ್ದದ ಜೋಡಿ ಎಳೆಯಾಗುತ್ತದೆ. ಕೋಶಕ್ಕೆ ಅಪಾಯದ ಸೂಚನೆ ಅದೇ. ಡೈಸರ್ ಎಂಬ ಕಿಣ್ವ ಆ ಜೋಡಿ ಎಳೆಯನ್ನು ಹಿಡಿದು ಅಳತೆಯಿಟ್ಟು ಕತ್ತರಿಸುತ್ತದೆ. ಗಿಡದಲ್ಲಿ ಡೈಸರ್ ಒಂದಲ್ಲ. ನಾಲ್ಕನೆಯ ಡೈಸರ್ 21 ಅಕ್ಷರದ ತುಂಡು ಮಾಡುತ್ತದೆ, ಆರ್‌ಎನ್‌ಎ ವೈರಸ್ಸಿನ ವಿರುದ್ಧ ಮೊದಲ ಸಾಲಿನ ಆಳು ಅದೇ. ಅದು ಸೋತರೆ ಎರಡನೆಯದು 22 ಅಕ್ಷರದ ತುಂಡು ಮಾಡುತ್ತದೆ. ಮೂರನೆಯದರ 24 ಅಕ್ಷರದ ತುಂಡುಗಳಿಗೆ ಕೋಶಕೇಂದ್ರದಲ್ಲಿ ಕೆಲಸ. ಡಿಎನ್‌ಎಗೆ ರಾಸಾಯನಿಕ ಗುರುತು ಹಾಕಿ ಅದರ ಬಾಯಿ ಮುಚ್ಚಿಸುವುದು ಅವುಗಳ ಪಾಲಿನದು. ಬೆಂಡೆಯ ಹಳದಿ ನರದಂಥ ಡಿಎನ್‌ಎ ವೈರಸ್ಸುಗಳ ಎದುರು ಇವು ಬೇಕು.

ಕತ್ತರಿಸಿದ ತುಂಡುಗಳು ಹಾಳಾಗದಂತೆ ಅವುಗಳ ತುದಿಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಸಲಾಗುತ್ತದೆ. ಆಮೇಲೆ ಆರ್ಗೊನಾಟ್ ಎಂಬ ಪ್ರೊಟೀನ್ ಒಂದು ತುಂಡನ್ನು ಎತ್ತಿಕೊಂಡು, ಜೋಡಿಯಲ್ಲಿ ಒಂದು ಎಳೆಯನ್ನು ಬಿಸಾಡಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹುಡುಕಲು ಹೊರಡುತ್ತದೆ. ಆ 21 ಅಕ್ಷರಕ್ಕೆ ಹೊಂದುವ ಆರ್‌ಎನ್‌ಎ ಎಲ್ಲಿ ಸಿಕ್ಕಿದರೂ ನಡುವೆ ಕತ್ತರಿ. ವೈರಸ್ಸಿನ ಬರಹವನ್ನೇ ವೈರಸ್ಸಿನ ಗುರುತಿನ ಚೀಟಿಯಾಗಿ ಬಳಸಿಕೊಳ್ಳುವ ಉಪಾಯ ಇದು. ಹಾಗಾಗಿ ಹಿಂದೆ ಎಂದೂ ಕಾಣದ ವೈರಸ್ ಬಂದರೂ ಗಿಡ ಅದನ್ನು ಹುಡುಕಬಲ್ಲದು.

ಮೂರನೆಯ ಹಂತವೇ ವಿಂಗಾರ್ಡರ ತಂಬಾಕನ್ನು ವಿವರಿಸುವುದು. ತುಂಡಾದ ವೈರಸ್ ಆರ್‌ಎನ್‌ಎಯನ್ನು ಗಿಡದ್ದೇ ಆದ ಇನ್ನೊಂದು ಕಿಣ್ವ ಎತ್ತಿಕೊಂಡು ಮತ್ತೆ ಜೋಡಿ ಎಳೆ ಮಾಡುತ್ತದೆ. ಡೈಸರಿಗೆ ಮತ್ತೆ ಕೆಲಸ, ಮತ್ತಷ್ಟು ತುಂಡುಗಳು. ಈ ತುಂಡುಗಳು ಕಂಡಿಗಳ ಮೂಲಕ ಹತ್ತು-ಹದಿನೈದು ಕೋಶಗಳಷ್ಟು ದೂರ ಹರಡುತ್ತವೆ, ನಾಳ ಸೇರಿದರೆ ಗಿಡದ ತುದಿಯವರೆಗೂ ಹೋಗುತ್ತವೆ. ವೈರಸ್ಸಿಗಿಂತ ಮೊದಲು ಎಚ್ಚರಿಕೆ ತಲುಪಿದ ಎಲೆ ಚೊಕ್ಕವಾಗಿ ಅರಳುತ್ತದೆ. ತಡವಾದರೆ ಮಚ್ಚೆ ಹೊತ್ತು ಬರುತ್ತದೆ. ಎಲೆಯ ಮೇಲೆ ನಾವು ನೋಡುವುದು ಈ ಓಟದ ಫಲಿತಾಂಶವನ್ನು.

ಇದನ್ನು ಕಂಡುಕೊಂಡ ದಾರಿ ನೇರವಾಗಿರಲಿಲ್ಲ. 1990ರಲ್ಲಿ ಪೆಟುನಿಯಾ ಹೂವಿನ ನೇರಳೆ ಬಣ್ಣ ಗಾಢವಾಗಲೆಂದು ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿದರೆ ಹೂವು ಬಿಳಿಯಾಯಿತು. 1993ರಲ್ಲಿ ವೈರಸ್ಸಿನ ಹೊದಿಕೆಯ ಜೀನ್ ಸೇರಿಸಿದ ತಂಬಾಕಿನ ಗಿಡ ಸೋಂಕಿನಿಂದ ಚೇತರಿಸಿಕೊಂಡು, ಆ ವೈರಸ್ಸಿಗೆ ಮತ್ತೆ ಬಗ್ಗದೆ ನಿಂತಿತು. 1997ರಲ್ಲಿ ಡೇವಿಡ್ ಬೋಲ್‌ಕೂಂಬ್ ಅವರ ಗುಂಪು, ಜೀನಿನ ಬಾಯಿ ಮುಚ್ಚುವುದೂ ವೈರಸ್ಸಿನಿಂದ ರಕ್ಷಣೆಯೂ ಒಂದೇ ಬಗೆಯವು ಎಂದು ತೋರಿಸಿತು. 1999ರಲ್ಲಿ ಅದೇ ಪ್ರಯೋಗಾಲಯದಿಂದ ಆ ಸಣ್ಣ ತುಂಡುಗಳೇ ಬೆಳಕಿಗೆ ಬಂದವು. ಈ ನಡುವೆ 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ, ಎಲ್ಲಕ್ಕೂ ಕಾರಣ ಜೋಡಿ ಎಳೆ ಎಂದು ಒಂದು ಸಣ್ಣ ಹುಳುವಿನಲ್ಲಿ ಸಾಬೀತುಪಡಿಸಿದ್ದರು. 2006ರ ನೊಬೆಲ್ ಅವರಿಬ್ಬರಿಗೆ ಬಂತು. ಗಿಡಗಳನ್ನು ಹಿಡಿದು ಕೆಲಸ ಮಾಡಿದವರ ಪಾಲೂ ಇದರಲ್ಲಿ ದೊಡ್ಡದಿದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಇಷ್ಟು ಚೊಕ್ಕ ಕತ್ತರಿ ಇರುವಾಗ ಗಿಡಕ್ಕೆ ರೋಗ ಬರುವುದಾದರೂ ಯಾಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎರಡು ವೈರಸ್ ಒಟ್ಟಿಗೆ ಬಂದ ಗಿಡಗಳಿಂದ. ತಂಬಾಕಿಗೆ ಆಲೂಗಡ್ಡೆಯ ಎಕ್ಸ್ ವೈರಸ್ ಒಂದೇ ಬಂದರೆ ರೋಗ ಸೌಮ್ಯ. ಅದರ ಜೊತೆ ವೈ ವೈರಸ್ಸೂ ಸೇರಿದರೆ ಎಕ್ಸ್ ವೈರಸ್ಸಿನ ಪ್ರಮಾಣ ಹತ್ತು ಪಟ್ಟಿನವರೆಗೆ ಏರಿ ಎಲೆ ಸಾಯುತ್ತದೆ ಎಂದು 1955ರಲ್ಲೇ ಅಳೆದಿದ್ದರು. ವೈ ವೈರಸ್ ಏನೋ ಒಂದನ್ನು ಮಾಡಿ ಗಿಡದ ಕೈ ಕಟ್ಟುತ್ತಿದೆ ಎಂದಾಯಿತು. 1998ರಲ್ಲಿ ಅದು ಏನೆಂದು ಗೊತ್ತಾಯಿತು: ಎಚ್‌ಸಿ-ಪ್ರೊ ಎಂಬ ಪ್ರೊಟೀನ್. ಅದನ್ನು ತೋರಿಸಿದ ಗುಂಪುಗಳಲ್ಲೊಂದರ ಪ್ರಬಂಧದ ಮೊದಲ ಹೆಸರು ಆರ್. ಆನಂದಲಕ್ಷ್ಮಿ. ಈ ಪ್ರೊಟೀನ್ ಸಣ್ಣ ತುಂಡುಗಳನ್ನು ಬಾಚಿ ಹಿಡಿದುಕೊಳ್ಳುತ್ತದೆ, ಅವುಗಳ ತುದಿಗೆ ಮೀಥೈಲ್ ಅಂಟಿಸುವುದನ್ನೂ ತಡೆಯುತ್ತದೆ. ರಕ್ಷೆಯಿಲ್ಲದ ತುಂಡುಗಳು ಕೋಶದಲ್ಲೇ ಹಾಳಾಗುತ್ತವೆ. ಪಪ್ಪಾಯಿಯ ಉಂಗುರ ಚುಕ್ಕೆ ವೈರಸ್ಸಿನಲ್ಲೂ ಇದೇ ಪ್ರೊಟೀನ್ ಇದೆ.

ಆಮೇಲೆ ಹುಡುಕಿದಲ್ಲೆಲ್ಲ ಇಂಥ ತಡೆಗಾರರು ಸಿಕ್ಕಿದರು. ಪ್ರತಿ ವೈರಸ್ ಕುಲವೂ ತನ್ನದೇ ಬಗೆಯದನ್ನು ಬೇರೆಬೇರೆಯಾಗಿ ಕಟ್ಟಿಕೊಂಡಿದೆ. ಟೊಮೆಟೊದ ಒಂದು ವೈರಸ್ ಗುಂಪಿನಲ್ಲಿರುವ ಪಿ19 ಪ್ರೊಟೀನಿನ ರಚನೆಯನ್ನು 2003ರಲ್ಲಿ ಬಿಡಿಸಿದಾಗ ಕಂಡದ್ದು ಅಳತೆಯ ಚಿಮುಟ. ಎರಡು ಪ್ರೊಟೀನ್ ಜೊತೆಯಾಗಿ 21 ಅಕ್ಷರದ ತುಂಡಿನ ಎರಡೂ ತುದಿಗೆ ಒಂದೊಂದು ಮುಚ್ಚಳ ಇಟ್ಟು ಹಿಡಿಯುತ್ತವೆ. ಉದ್ದ ಸರಿಯಿದ್ದರೆ ಮಾತ್ರ ಹಿಡಿತ ಬಿಗಿ, ಅಕ್ಷರ ಯಾವುದಾದರೂ ಆದೀತು. ಸೌತೆಯ ಮೊಸಾಯಿಕ್ ವೈರಸ್ಸಿನ 2ಬಿ ಪ್ರೊಟೀನ್ ತುಂಡುಗಳನ್ನೂ ಹಿಡಿಯುತ್ತದೆ, ಆರ್ಗೊನಾಟಿನ ಕೈಯನ್ನೂ ಹಿಡಿಯುತ್ತದೆ. ಇನ್ನೊಂದು ಗುಂಪಿನ ಪಿ0 ಪ್ರೊಟೀನ್ ಇನ್ನೂ ಮುಂದೆ ಹೋಗಿ, ಆರ್ಗೊನಾಟನ್ನು ಕಸಕ್ಕೆ ಹಾಕಬೇಕಾದ ಹಳೆ ಸಾಮಾನು ಎಂದು ಗಿಡದ ಕಸದ ವ್ಯವಸ್ಥೆಗೇ ಒಪ್ಪಿಸಿಬಿಡುತ್ತದೆ.

ಕರಾವಳಿಯವರಿಗೆ ಇವುಗಳಲ್ಲಿ ಹತ್ತಿರದ್ದು ಬೆಂಡೆಯ ಹಳದಿ ನರ ರೋಗ. ಅಂಕೋಲೆಯ, ಕುಮಟೆಯ ಗದ್ದೆಗಳಲ್ಲಿ ಭತ್ತ ಎದ್ದ ಮೇಲೆ ತರಕಾರಿ ಹಾಕುವವರಿಗೆ ಅದರ ಪರಿಚಯ ಬೇಡ. ಅದನ್ನು ತರುವುದು ಬಿಳಿನೊಣ. ವೈರಸ್ಸಿನ ಜೊತೆ ಬೀಟಾ ಉಪಗ್ರಹ ಎಂಬ ಇನ್ನೊಂದು ಪುಟ್ಟ ಡಿಎನ್‌ಎ ಸವಾರಿ ಮಾಡುತ್ತದೆ. ಅದರಲ್ಲಿರುವುದು ಒಂದೇ ಮುಖ್ಯ ಪ್ರೊಟೀನ್, ಅದು ಮಾಡುವುದು ಗಿಡದ ಕತ್ತರಿಯನ್ನು ತಡೆಯುವ ಕೆಲಸ. ಅದಿಲ್ಲದೆ ವೈರಸ್ ಒಂದೇ ಬಂದರೆ ಬೆಂಡೆಯಲ್ಲಿ ಆ ಪರಿಚಿತ ಹಳದಿ ಬಲೆ ಮೂಡುವುದಿಲ್ಲ. ಈ ಬಗೆಯ ಉಪಗ್ರಹದ ಪ್ರೊಟೀನ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆಂದು ಬೇರೆ ಗಿಡಗಳಲ್ಲಿ ಗೊತ್ತಾಗಿದೆ: ಕೀಟ ಕಡಿದಾಗ ಗಿಡ ಎಬ್ಬಿಸುವ ಜಾಸ್ಮೊನೇಟ್ ಎಂಬ ಎಚ್ಚರಿಕೆಯನ್ನು ಅದು ತಗ್ಗಿಸುತ್ತದೆ. ಬಿಳಿನೊಣಕ್ಕೆ ಆ ಗಿಡ ಹಿತವಾಗುತ್ತದೆ, ಅಲ್ಲೇ ಮರಿ ಮಾಡುತ್ತದೆ, ಮರಿಗಳು ವೈರಸ್ ಹೊತ್ತು ಹಾರುತ್ತವೆ.

ಸಮಯದ ಬೆಲೆ ಎಷ್ಟು ಎಂಬುದಕ್ಕೂ ಬೆಂಡೆಯೇ ಸಾಕ್ಷಿ. ಭಾರತದಲ್ಲಿ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ಬಿತ್ತಿದ 35 ದಿನದೊಳಗೆ ಸೋಂಕು ತಗಲಿದ ಬೆಂಡೆಯಲ್ಲಿ ನಷ್ಟ ಶೇ. 94 ಇತ್ತು, 50 ದಿನದೊಳಗಾದರೆ ಶೇ. 84, 65 ದಿನದೊಳಗಾದರೆ ಶೇ. 49. ಅದೇ ವೈರಸ್, ಅದೇ ಗಿಡ. ತಿಂಗಳೊಂದು ತಡವಾದರೆ ಅರ್ಧ ಫಸಲು ಕೈಗೆ ಬರುತ್ತದೆ. ಹಾಗಾಗಿ ಮೊದಲ ಐದು ವಾರ ದಿನ ಬಿಟ್ಟು ದಿನ ಸಾಲು ನೋಡಿ, ಹಳದಿ ನರ ಕಂಡ ಮೊದಲ ಗಿಡಗಳನ್ನು ಕಿತ್ತು ತೆಗೆಯುವುದು ಬೇರೆಲ್ಲದಕ್ಕಿಂತ ದೊಡ್ಡ ಲಾಭದ ಕೆಲಸ. ಎರಡು ತಿಂಗಳ ಗಿಡದಲ್ಲಿ ಕಂಡರೆ ಕಾಯಿ ಕೊಯ್ದುಕೊಂಡು ಮುಗಿಸಬಹುದು, ಆದರೆ ಪಕ್ಕದಲ್ಲಿ ಹೊಸ ಬಿತ್ತನೆ ಇರಬಾರದು.

ಕತ್ತರಿಯ ರಕ್ಷಣೆಯ ಜೊತೆಗೆ ಗಿಡದಲ್ಲಿ ಇನ್ನೊಂದು ಬಗೆಯದೂ ಇದೆ. ವೈರಸ್ಸಿನ ಒಂದು ಪ್ರೊಟೀನನ್ನು ಮುಟ್ಟಿ ಗುರುತು ಹಿಡಿದ ಕೂಡಲೇ ಆ ಕೋಶ ಸತ್ತುಬಿಡುತ್ತದೆ, ಸುತ್ತಲಿನ ಕೋಶಗಳೂ ಬಾಗಿಲು ಹಾಕಿಕೊಳ್ಳುತ್ತವೆ. ಎಲೆಯ ಮೇಲೆ ಉಳಿಯುವುದು ಸಾಸಿವೆ ಗಾತ್ರದ ಕಂದು ಚುಕ್ಕೆ, ವೈರಸ್ ಅದರೊಳಗೇ ಬಂದಿ. ಕಾಡು ತಂಬಾಕಿನಿಂದ ಬಂದ ಎನ್ ಎಂಬ ಜೀನ್ ಇದಕ್ಕೆ ಹಳೆಯ ಉದಾಹರಣೆ. ಅದನ್ನು 1994ರಲ್ಲಿ ಬೇರ್ಪಡಿಸಿದರು. ಇದರ ದೌರ್ಬಲ್ಯ ಬಿಸಿಲು. ತಾಪ 28 ಡಿಗ್ರಿ ದಾಟಿದರೆ ಈ ಜೀನ್ ಕೆಲಸ ಮಾಡುವುದಿಲ್ಲ, ವೈರಸ್ ಗಿಡವೆಲ್ಲ ಹರಡುತ್ತದೆ. ಆ ಗಿಡವನ್ನು ಮತ್ತೆ ತಂಪಿಗೆ ತಂದರೆ ಇನ್ನೂ ಕೆಡುಕು: ಜೀನ್ ಎಚ್ಚರಗೊಂಡು ವೈರಸ್ ಇರುವ ಕೋಶಗಳನ್ನೆಲ್ಲ ಕೊಲ್ಲುತ್ತದೆ, ಇಡೀ ಗಿಡ ಕುಸಿಯುತ್ತದೆ.

ಕತ್ತರಿಯದ್ದು ಇದಕ್ಕೆ ತದ್ವಿರುದ್ಧ. ತಾಪ 15 ಡಿಗ್ರಿಗೆ ಇಳಿದರೆ ಸಣ್ಣ ತುಂಡುಗಳ ತಯಾರಿ ಬಹಳ ತಗ್ಗುತ್ತದೆ, 25–30ಕ್ಕೆ ಏರಿದರೆ ಚುರುಕಾಗುತ್ತದೆ. ಮರಗೆಣಸಿನ ಮೊಸಾಯಿಕ್ ವೈರಸ್ಸಿನಲ್ಲಿ 25ರಿಂದ 30 ಡಿಗ್ರಿಗೆ ಏರಿಸಿದಾಗ ಗಿಡ ಚೇತರಿಸಿಕೊಂಡದ್ದನ್ನು ಅಳೆದು ನೋಡಿದ್ದಾರೆ. ಇದನ್ನು ನಮ್ಮ ಜಿಲ್ಲೆಯಲ್ಲಿ ಮುಖ್ಯವಾಗಿ ನೆನಪಿಡಬೇಕು. ಕಾರವಾರದ ಕಡಲ ದಂಡೆಗೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಕ್ಕೂ ರಾತ್ರಿಯ ತಾಪದಲ್ಲಿ ದೊಡ್ಡ ಅಂತರ. ಚಳಿಗಾಲದಲ್ಲಿ ಎದ್ದು ಕಂಡ ಮಚ್ಚೆ ಮಾರ್ಚಿನ ಹೊಸ ಎಲೆಯಲ್ಲಿ ಮಾಸಿರಬಹುದು. ಆ ಗಿಡ ಗುಣವಾಯಿತು ಎಂದು ಅದರಿಂದ ಬೀಳು ತೆಗೆದು ನೆಟ್ಟರೆ ರೋಗವನ್ನೇ ನೆಟ್ಟ ಹಾಗೆ. ಲಕ್ಷಣ ನೋಡಿ ತಾಯಿಗಿಡ ಆಯುವವರು ಒಂದೇ ಋತುವಿನಲ್ಲಿ ನೋಡಿ ತೀರ್ಮಾನಿಸಬಾರದು.

ಮೂರನೆಯ ಬಗೆ ಗಿಡದ ಗುಣ ಎನ್ನುವುದಕ್ಕಿಂತ ಕೊರತೆ ಎನ್ನಬೇಕು. ಆಲೂಗಡ್ಡೆಯ ವೈ ವೈರಸ್ಸಿನ ಕುಲದವಕ್ಕೆ ತಮ್ಮ ಬರಹ ಓದಿಸಲು ಗಿಡದ ಒಂದು ಪ್ರೊಟೀನಿನ ಸಹಾಯ ಬೇಕು. ಕೆಲವು ಮೆಣಸಿನಕಾಯಿ, ಲೆಟ್ಯೂಸ್ ತಳಿಗಳಲ್ಲಿ ಆ ಪ್ರೊಟೀನಿನ ಆಕಾರ ಒಂದೆರಡು ಕಡೆ ಬದಲಾಗಿದೆ. ಗಿಡಕ್ಕೆ ಅದರಿಂದ ತೊಂದರೆಯಿಲ್ಲ, ವೈರಸ್ಸಿಗೆ ಮಾತ್ರ ಹಿಡಿಕೆ ಸಿಗುವುದಿಲ್ಲ. ವೈರಸ್ ತನ್ನ ಕಡೆಯ ಪ್ರೊಟೀನಿನಲ್ಲಿ ಒಂದೆರಡು ಅಕ್ಷರ ಬದಲಾಯಿಸಿಕೊಂಡು ಹಿಡಿಕೆ ಮರಳಿ ಪಡೆಯುವುದೂ ಉಂಟು. ರೋಗ ನಿರೋಧಕ ತಳಿ ಎಂಬ ಮಾತನ್ನು ಶಾಶ್ವತ ಎಂದು ಕೇಳಿಸಿಕೊಳ್ಳಬಾರದು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹಳದಿ ನರಕ್ಕೆ ಜಗ್ಗುವುದಿಲ್ಲ ಎಂದೇ ಬಂದಿತ್ತು, ಕಾಡು ಬಂಧುವಿನ ಜೀನ್ ಅದರಲ್ಲಿತ್ತು. ಈಗ ಅದೂ ಹಳದಿಯಾಗುತ್ತದೆ. ಟೊಮೆಟೊದ ಒಂದು ಜೀನ್ ದಶಕಗಳ ಕಾಲ ನಿಂತಿತು. 2014ರಲ್ಲಿ ಇಸ್ರೇಲಿನಲ್ಲಿ ಕಾಣಿಸಿಕೊಂಡ ಕಂದು ಸುಕ್ಕಿನ ವೈರಸ್ ಅದನ್ನೂ ದಾಟಿತು.

ಈಗ ಮತ್ತೆ ತೋಟಕ್ಕೆ. ಹೇನು ವೈರಸ್ಸನ್ನು ಹೇಗೆ ಹೊರುತ್ತದೆ ಎಂಬುದರ ಮೇಲೆ ನಮ್ಮ ಕೆಲಸ ನಿಂತಿದೆ. ಕಟ್ಟೆಯ ವೈರಸ್ ಹೇನಿನ ಮೂತಿಯ ತುದಿಗೆ ಅಂಟಿಕೊಳ್ಳುತ್ತದೆ, ಒಂದೆರಡು ಸಲ ಚುಚ್ಚಿ ನೋಡುವಷ್ಟರಲ್ಲಿ ದಾಟಿಬಿಡುತ್ತದೆ. ಕೀಟನಾಶಕ ತಗಲಿದ ಹೇನು ಸಾಯುವ ಮೊದಲೇ ಚುಚ್ಚಿ ಆಗಿರುತ್ತದೆ. ಹಾಗಾಗಿ ಕಟ್ಟೆಗೆ ಸಿಂಪರಣೆಯಿಂದ ಫಲ ಕಡಿಮೆ. ರೋಗದ ಬುಡ ತೆಗೆಯುವುದೇ ದಾರಿ. ಬಾಳೆಯ ಗುಚ್ಛ ತುದಿ ರೋಗ ಬೇರೆ: ಹೇನು ನಾಲ್ಕಾರು ಗಂಟೆ ಹೀರಿದ ಮೇಲೆ ವೈರಸ್ ಅದರ ದೇಹದೊಳಗೆ ಸೇರುತ್ತದೆ, ಆಮೇಲೆ ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಇಲ್ಲಿ ಹೇನನ್ನು ಕೊಲ್ಲುವುದಕ್ಕೆ ಬೆಲೆ ಇದೆ, ಗಿಡ ಕೀಳುವ ಮೊದಲು ಕೊಲ್ಲದಿದ್ದರೆ ಅಪಾಯವೂ ಇದೆ.

ಗುಚ್ಛ ತುದಿಯ ಗುರುತು: ಎಲೆದಂಟಿನ, ನಡುದಿಂಡಿನ ಮೇಲೆ ಕಡುಹಸಿರಿನ ಚುಕ್ಕೆ-ಗೆರೆ, ಹೊಸ ಎಲೆ ಗಿಡ್ಡ, ನೆಟ್ಟಗೆ, ಅಂಚು ಹಳದಿ. ಕಂಡ ದಿನ ಕತ್ತಿ ಹಾಕಬೇಡಿ. ಕಡಿದ ಗಿಡ ಒಣಗತೊಡಗಿದರೆ ಹೇನುಗಳು ಪಕ್ಕದ ಬಾಳೆಗೆ ಹೋಗುತ್ತವೆ. ಮೊದಲು ಬುಡದ ಹಾಳೆಗಳ ಸಂದಿಗೆ, ಮರಿಗಳ ಸುರುಳಿ ಎಲೆಗೆ ಬೇವಿನ ಎಣ್ಣೆಯನ್ನು ಲೀಟರಿಗೆ 5 ಮಿಲಿಯಂತೆ ಸ್ವಲ್ಪ ಸೋಪು ಕೂಡಿಸಿ ಚೆನ್ನಾಗಿ ತೋಯುವಂತೆ ಹೊಡೆಯಿರಿ. ಹೇನು ಇರುವುದು ಅಲ್ಲೇ, ಎಲೆಯ ಮೇಲೆ ಹೊಡೆದರೆ ಪ್ರಯೋಜನವಿಲ್ಲ. ಮರುದಿನ ಹೇನು ಸತ್ತದ್ದನ್ನು ನೋಡಿಕೊಂಡು, ತಾಯಿ, ಮರಿ ಎನ್ನದೆ ಇಡೀ ಬುಡವನ್ನು ಗಡ್ಡೆ ಸಮೇತ ಅಗೆಯಿರಿ. ಆರೋಗ್ಯವಾಗಿ ಕಾಣುವ ಮರಿಯನ್ನು ಉಳಿಸಿಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಗಡ್ಡೆ ಒಂದೇ ಆದ್ದರಿಂದ ವೈರಸ್ಸೂ ಒಂದೇ, ಲಕ್ಷಣ ಕಾಣಲು ಮೂರು ವಾರದಿಂದ ಕೆಲವು ತಿಂಗಳು ಬೇಕಷ್ಟೆ. ಗಡ್ಡೆಯನ್ನು ಕಣ್ಣು ಉಳಿಯದಂತೆ ಕೊಚ್ಚಿ ಒಣಗಿಸಿ. ಎರಡು-ಮೂರು ವಾರಕ್ಕೊಮ್ಮೆ ಅದೇ ಜಾಗ ನೋಡಿ, ಚಿಗುರಿದರೆ ಮತ್ತೆ ಅಗೆಯಿರಿ.

ಏಲಕ್ಕಿಯಲ್ಲಿ ತಿಂಗಳಿಗೊಮ್ಮೆ ತೋಟ ಸುತ್ತಿ ತುದಿಯ ಎಲೆ ನೋಡಬೇಕು, ಸಿಕ್ಕ ಬುಡವನ್ನು ಗೆಡ್ಡೆ ಸಮೇತ ತೆಗೆಯಬೇಕು. ಒಂದು ಅನುಕೂಲವಿದೆ: ಕಟ್ಟೆ ಬೀಜದಿಂದ ಬರುವುದಿಲ್ಲ. ಬೀಜದ ಸಸಿ ಹುಟ್ಟುವಾಗ ಚೊಕ್ಕ, ಕೆಡುವುದು ಮಡಿಯಲ್ಲಿ. ಹಳೆಯ ತೋಟದ ಮಗ್ಗುಲಲ್ಲೇ ಸಸಿಮಡಿ ಮಾಡುವ ರೂಢಿ ಬಿಡಬೇಕು. ಬದುವಿನ, ಕೊಳಚೆಯ ಕೆಸುವನ್ನೂ ನೋಡಿ. ಏಲಕ್ಕಿಯ ಹೇನು ಕೆಸುವಿನ ಮೇಲೂ ಬೆಳೆಯುತ್ತದೆ. ಬಾಳೆಯ ಹೇನೂ ಏಲಕ್ಕಿ-ಕೆಸುವಿನ ಹೇನೂ ಒಂದೇ ಎಂದು ಮೊದಲು ನಂಬಿದ್ದರು. ಅವು ಬೇರೆ ಬೇರೆ ಜಾತಿ ಎಂದು 2010ರಲ್ಲಿ ಸ್ಪಷ್ಟವಾಯಿತು. ಹಾಗಾಗಿ ಏಲಕ್ಕಿ ತೋಟದೊಳಗೆ ಬಾಳೆಗಿಂತ ಕೆಸುವಿನ ಮೇಲೆ ಹೆಚ್ಚು ಕಣ್ಣಿಡಿ.

ಕಾಳುಮೆಣಸಿನ ಸಣ್ಣೆಲೆಯ ಕುಬ್ಜ ರೋಗದಲ್ಲಿ ಎರಡು ವೈರಸ್ ಇರುತ್ತವೆ. ಒಂದು ಹೇನಿನಿಂದ ಬರುವ ಸೌತೆಯ ಮೊಸಾಯಿಕ್, ಅಂದರೆ ಆಗ ಹೇಳಿದ 2ಬಿ ಪ್ರೊಟೀನಿನದು. ಇನ್ನೊಂದು ಹಿಟ್ಟುತಿಗಣೆಯಿಂದ ಬರುವ, ಡಿಎನ್‌ಎಯ ಹಳದಿ ಮಚ್ಚೆ ವೈರಸ್. ಎಲೆ ಕಿರಿದಾಗಿ ಸುಕ್ಕುಗಟ್ಟುತ್ತದೆ, ಗೆಣ್ಣು ಹತ್ತಿರವಾಗುತ್ತದೆ, ಕರೆ ಗಿಡ್ಡವಾಗಿ ಕಾಳು ಕಟ್ಟುವುದಿಲ್ಲ. ಎರಡೂ ಬಳ್ಳಿಯ ತುಂಡಿನ ಮೂಲಕ ಸಾಗುತ್ತವೆ, ನಮ್ಮಲ್ಲಿ ಹರಡಲು ಮುಖ್ಯ ದಾರಿ ಹೇನಲ್ಲ, ಪಾಲಿಥಿನ್ ಚೀಲದ ಸಸಿ. ತಾಯಿಬಳ್ಳಿ ಪರೀಕ್ಷೆಗೆ ಎಳೆಯ, ಆದರೆ ಪೂರ್ತಿ ಬಿಚ್ಚಿದ ಎಲೆ ಕೊಯ್ದು, ಒದ್ದೆ ಮಾಡದೆ ಒಣ ಕಾಗದದಲ್ಲಿ ಸುತ್ತಿ, ತಂಪಾಗಿಟ್ಟು, ಬಳ್ಳಿಗೆ ಸಂಖ್ಯೆ ಬರೆದು ಕಳಿಸಿ. ಎರಡೂ ವೈರಸ್ಸಿಗೆ ಪರೀಕ್ಷೆ ಕೇಳಿ. ಒಂದು ಡಿಎನ್‌ಎ, ಒಂದು ಆರ್‌ಎನ್‌ಎ ಆದ್ದರಿಂದ ವಿಧಾನವೂ ಬೇರೆ. ಒಂದರಲ್ಲಿ ಇಲ್ಲ ಎಂದು ಬಂದರೆ ಇನ್ನೊಂದರಲ್ಲೂ ಇಲ್ಲ ಎಂದಲ್ಲ.

ಸಭೆಯಲ್ಲಿ ಬಂದ ಪ್ರಶ್ನೆಗಳು

ಪೋಷಕಾಂಶ ಸಿಂಪಡಿಸಿದ ಮೇಲೆ ಹೊಸ ಎಲೆ ಹಸಿರಾಗಿ ಬಂತು. ವೈರಸ್ ಹೋಯಿತಲ್ಲವೇ?

ಹೋಗಿಲ್ಲ. ಚೇತರಿಸಿದ ತಂಬಾಕಿನ ಹಸಿರು ಎಲೆಯಲ್ಲೂ ವೈರಸ್ ಕಡಿಮೆ ಪ್ರಮಾಣದಲ್ಲಿ ಇತ್ತು. ಗಿಡದ ಕತ್ತರಿ ಮೇಲುಗೈ ಪಡೆದಿರಬಹುದು, ತಾಪ ಏರಿರಬಹುದು, ಪೋಷಕಾಂಶದ ಕೊರತೆ ನೀಗಿ ಹಸಿರು ಹೆಚ್ಚಿರಬಹುದು. ಗಿಡಕ್ಕೆ ಗೊಬ್ಬರ ಕೊಡುವುದು ತಪ್ಪಲ್ಲ. ಅದರಿಂದ ಸಸಿ ಮಾಡುವುದು ತಪ್ಪು. ತಿಳಿಯಬೇಕಿದ್ದರೆ ಒಂದು ಸಾಲಿಗೆ ಹೊಡೆದು ಪಕ್ಕದ ಸಾಲನ್ನು ಹಾಗೇ ಬಿಟ್ಟು ಎರಡನ್ನೂ ನೋಡಿ.

ಬ್ರೆಜಿಲ್ ಹಿಪ್ಪಲಿಗೆ ಕಸಿ ಮಾಡಿದ ಮೆಣಸಿಗೆ ಈ ಕುಬ್ಜ ರೋಗ ಬರುವುದಿಲ್ಲವಂತೆ?

ಹಿಪ್ಪಲಿಯ ಬೇರು ಸೊರಗು ರೋಗಕ್ಕೆ ತಡೆ. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಕಸಿಕುಡಿ ಯಾವ ಬಳ್ಳಿಯಿಂದ ಬಂತೋ ಅದರ ವೈರಸ್ ಕಸಿಗಿಡದಲ್ಲಿ ಇರುತ್ತದೆ. ಕಸಿಗೆ ಹೆಚ್ಚು ಹಣ ಕೊಡುವಾಗ ಕುಡಿಯ ಮೂಲ ಕೇಳಿ.

ಅಂಗಾಂಶ ಕೃಷಿಯ ಬಾಳೆಯಲ್ಲಿ ವೈರಸ್ ಇರುವುದಿಲ್ಲ ಎನ್ನುತ್ತಾರೆ. ನಿಜವೇ?

ಬೆಳೆಯುವ ತುದಿಯ ಅತಿ ಚಿಕ್ಕ ಭಾಗಕ್ಕೆ ಬಹಳಷ್ಟು ವೈರಸ್ಸುಗಳು ಹೋಗಲಾರವು. ಅಲ್ಲಿಯ ಕಾವಲಿನಲ್ಲಿ ಗಿಡದ ಕತ್ತರಿಯ ಪಾಲೂ ಇದೆ. ಅದೇ ಕಾರಣಕ್ಕೆ ಅರ್ಧ ಮಿಲಿಮೀಟರಿಗಿಂತ ಚಿಕ್ಕ ತುದಿ ತೆಗೆದು ಬೆಳೆಸಿದರೆ ಚೊಕ್ಕ ಗಿಡ ಸಿಗುವ ಸಾಧ್ಯತೆ ಹೆಚ್ಚು. 1952ರಲ್ಲಿ ಫ್ರಾನ್ಸಿನಲ್ಲಿ ಡೇಲಿಯಾದಲ್ಲಿ ಇದನ್ನು ಮಾಡಿ ತೋರಿಸಿದರು. ಆದರೆ ವ್ಯಾಪಾರಕ್ಕೆ ಮಾಡುವಾಗ ದೊಡ್ಡ ತುಂಡನ್ನೇ ಬಳಸುವುದರಿಂದ ತಾಯಿಗಿಡದ ಪರೀಕ್ಷೆ ಬೇಕೇ ಬೇಕು. ಬಾಳೆಯಲ್ಲಿ ಇನ್ನೊಂದು ತೊಡಕಿದೆ: ಬಾಳೆಯ ಗೀರು ವೈರಸ್ಸಿನ ಡಿಎನ್‌ಎ ಕಾಡುಬಾಳೆ ಬಾಲ್ಬಿಸಿಯಾನಾದ ವರ್ಣತಂತುವಿನಲ್ಲೇ ಹೆಣೆದುಕೊಂಡಿದೆ. ಆ ಮೂಲದ ಪಾಲಿರುವ ಕೆಲವು ತಳಿಗಳಲ್ಲಿ ಅಂಗಾಂಶ ಕೃಷಿಯ ಒತ್ತಡದಿಂದಲೇ ಅದು ಎದ್ದು ಹೊರಬರುತ್ತದೆ. ಯಾವ ಹೇನೂ ಹಿಟ್ಟುತಿಗಣೆಯೂ ಬೇಡ.

ಪಪ್ಪಾಯಿಗೆ ವಿದೇಶದಲ್ಲಿ ಪರಿಹಾರ ಸಿಕ್ಕಿದೆ, ನಮ್ಮಲ್ಲಿ ಯಾಕಿಲ್ಲ?

ಹವಾಯಿಯ ಪುನಾ ಪ್ರದೇಶಕ್ಕೆ 1992ರಲ್ಲಿ ಉಂಗುರ ಚುಕ್ಕೆ ಬಂತು. ಡೆನಿಸ್ ಗೊನ್ಸಾಲ್ವಿಸ್ ಅವರ ಗುಂಪು ವೈರಸ್ಸಿನ ಹೊದಿಕೆಯ ಜೀನನ್ನು ಪಪ್ಪಾಯಿಗೆ ಸೇರಿಸಿ ಮಾಡಿದ ಸನ್‌ಅಪ್, ರೇನ್‌ಬೋ ತಳಿಗಳು 1998ರಲ್ಲಿ ಬೆಳೆಗಾರರ ಕೈ ಸೇರಿದವು. ಅವು ಕೆಲಸ ಮಾಡುವುದು ಗಿಡದ ಕತ್ತರಿಯನ್ನು ಮೊದಲೇ ಹದ ಮಾಡಿಟ್ಟುಕೊಳ್ಳುವುದರಿಂದ. ಹಾಗಾಗಿ ಅಕ್ಷರ ಹೊಂದಬೇಕು. ಹವಾಯಿಯ ರೇನ್‌ಬೋ ಬೇರೆ ದೇಶಗಳ ವೈರಸ್ ಬಗೆಗೆ ಸೋತಿದೆ. ಅದನ್ನೇ ತಂದು ಇಲ್ಲಿ ನೆಟ್ಟರೆ ನಡೆಯುವುದಿಲ್ಲ, ಇಲ್ಲಿಯ ವೈರಸ್ಸಿನ ಜೀನ್ ಹಾಕಿಯೇ ಮಾಡಬೇಕು. ಅಂಥ ಪಪ್ಪಾಯಿಗೆ ನಮ್ಮ ದೇಶದಲ್ಲಿ ಅನುಮತಿಯೂ ಇಲ್ಲ.

ಜೀನ್ ಬದಲಿಸದೆ, ಆ ಜೋಡಿ ಎಳೆಯನ್ನೇ ಸಿಂಪಡಿಸಬಹುದಲ್ಲವೇ?

ಸರಿಯಾದ ಪ್ರಶ್ನೆ, ಸಂಶೋಧನೆ ಸಾಗಿರುವುದೂ ಅದೇ ದಿಕ್ಕಿನಲ್ಲಿ. ಬರಿಯ ಜೋಡಿ ಎಳೆಯನ್ನು ಎಲೆಗೆ ಹೊಡೆದರೆ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಆಸ್ಟ್ರೇಲಿಯಾದ ನೀನಾ ಮಿಟ್ಟರ್ ಅವರ ಗುಂಪು ಅದನ್ನು ಜೇಡಿಮಣ್ಣಿನಂಥ ಅತಿ ತೆಳು ಹಾಳೆಗಳಿಗೆ ಅಂಟಿಸಿ ಸಿಂಪಡಿಸಿತು. ಒಂದೇ ಸಿಂಪರಣೆಯಿಂದ ತಂಬಾಕಿನ ಎಲೆಗೆ ಕನಿಷ್ಠ 20 ದಿನ ರಕ್ಷಣೆ ಸಿಕ್ಕಿತೆಂದು 2017ರಲ್ಲಿ ವರದಿ ಮಾಡಿತು. ಅದು ರೋಗ ಬರುವ ಮೊದಲು ಕೊಟ್ಟ ರಕ್ಷಣೆ, ಬಂದ ರೋಗದ ಮದ್ದಲ್ಲ. ನಮ್ಮ ಜೂನ್-ಜುಲೈ ಮಳೆಯಲ್ಲಿ ಎಲೆಯ ಮೇಲೆ ಅದು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬೇಕು. ಏಲಕ್ಕಿಯ ಮಟ್ಟಿಗೆ ಈ ಮಳೆಗಾಲದಲ್ಲಿ ಮಾಡಬೇಕಾದದ್ದು ಇಷ್ಟು: ಸಸಿಮಡಿಯನ್ನು ತೋಟದಿಂದ ದೂರ ಒಯ್ಯಿರಿ, ಮಡಿಯ ಸುತ್ತಲಿನ ಕೆಸು ತೆಗೆಯಿರಿ, ತಿಂಗಳಿಗೊಮ್ಮೆ ತುದಿಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ.